ಗಡಿಯಾರ ಒಂದು ಗಂಟೆ ತಪ್ಪಿದಾಗ: ಡೇಲೈಟ್ ಸೇವಿಂಗ್ ನಿಯಮ ಬದಲಾದ ಮೇಲಿನ ದೋಷ ನಿವಾರಣೆ

ಅಮೆರಿಕದ ಹೆಚ್ಚಿನ ಭಾಗಗಳಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ನಸುಕಿನ ಎರಡು ಗಂಟೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರಿನ ಮೊದಲ ಭಾನುವಾರ ಮತ್ತೆ ಹಿಂದಕ್ಕೆ ತರುತ್ತಾರೆ. ಇದನ್ನೇ ಡೇಲೈಟ್ ಸೇವಿಂಗ್ ಅಥವಾ ಬೇಸಿಗೆ ಸಮಯ ಎನ್ನುತ್ತಾರೆ. ನ್ಯೂಯಾರ್ಕಿನ ಗಡಿಯಾರ ಮಾರ್ಚಿನಲ್ಲಿ ಮುಂದಕ್ಕೆ ಜಿಗಿಯುವ ಆ ಕ್ಷಣದಲ್ಲಿ ಬೆಂಗಳೂರಿನಲ್ಲಿ ಭಾನುವಾರ ಮಧ್ಯಾಹ್ನ ಹನ್ನೆರಡೂವರೆ. ಅಲ್ಲಿನ ಯಂತ್ರಗಳನ್ನು ಇಲ್ಲಿಂದ ನೋಡಿಕೊಳ್ಳುವವರಿಗೆ ದೂರುಗಳು ಬರತೊಡಗುವುದು ಮಾತ್ರ ಸೋಮವಾರ ಸಂಜೆ, ಅಲ್ಲಿನ ಕಚೇರಿಗಳು ಬಾಗಿಲು ತೆರೆದ ಮೇಲೆ. ‘ಗಡಿಯಾರ ಒಂದು ಗಂಟೆ ತಪ್ಪಾಗಿದೆ’ ಎಂಬ ಒಂದೇ ದೂರಿನ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ. ಒಂದಕ್ಕೆ ಮಾಡುವ ಉಪಾಯ ಇನ್ನೊಂದನ್ನು ಕೆಡಿಸುತ್ತದೆ. ಆದ್ದರಿಂದ ಈ ಕೈಪಿಡಿಯನ್ನು ಕಣ್ಣಿಗೆ ಬೀಳುವ ಲಕ್ಷಣಗಳ ಪ್ರಕಾರ ಬರೆದಿದ್ದೇನೆ. ಬೆಂಗಳೂರಿನಲ್ಲಿ ಕುಳಿತು ಹೊರದೇಶದ ವ್ಯವಸ್ಥೆಗಳನ್ನು ನಡೆಸುವವರಿಗೂ, ಅಮೆರಿಕ ಅಥವಾ ಯುರೋಪಿನಲ್ಲಿ ನೆಲೆಸಿ ಮನೆಯ ಕಂಪ್ಯೂಟರನ್ನು ತಾವೇ ಸರಿಪಡಿಸಿಕೊಳ್ಳುವ ಕನ್ನಡಿಗರಿಗೂ ಇದು ಉಪಯೋಗಕ್ಕೆ ಬರಬೇಕೆಂಬುದು ನನ್ನ ಆಸೆ.

ಯಾವ ಲಕ್ಷಣವನ್ನು ನೋಡುವ ಮೊದಲೂ ಒಂದು ವಿಷಯ ಮನಸ್ಸಿನಲ್ಲಿರಬೇಕು. ಪರದೆಯ ಮೂಲೆಯಲ್ಲಿ ಕಾಣುವ ಸಮಯ ಮೂರು ಸಂಗತಿಗಳಿಂದ ಹುಟ್ಟುತ್ತದೆ. ಮೊದಲನೆಯದು ಯಂತ್ರ ಒಳಗೆ ಎಣಿಸುತ್ತಿರುವ ಯುಟಿಸಿ ಸಮಯ. ಇದು ಪ್ರಪಂಚಕ್ಕೆಲ್ಲ ಒಂದೇ, ಇದಕ್ಕೆ ಬೇಸಿಗೆಯೂ ಇಲ್ಲ, ಚಳಿಗಾಲವೂ ಇಲ್ಲ. ಎರಡನೆಯದು ನೀವು ಆರಿಸಿಕೊಂಡ ಕಾಲವಲಯದ ಹೆಸರು. ಮೂರನೆಯದು ಆ ಹೆಸರಿಗೆ ಯಾವ ದಿನದಿಂದ ಯಾವ ದಿನದವರೆಗೆ ಎಷ್ಟು ಗಂಟೆ ಕೂಡಬೇಕು, ಎಷ್ಟು ಕಳೆಯಬೇಕು ಎಂದು ಹೇಳುವ ನಿಯಮಪಟ್ಟಿ. ಸರ್ಕಾರವೊಂದು ನಿಯಮ ಬದಲಿಸಿದಾಗ ಹಳತಾಗುವುದು ಈ ಮೂರನೆಯದು ಮಾತ್ರ. ಆದರೆ ಜನ ಗಾಬರಿಯಲ್ಲಿ ಕೈಹಾಕುವುದು ಮೊದಲನೆಯದಕ್ಕೆ: ಗಡಿಯಾರದ ಮುಳ್ಳನ್ನೇ ಒಂದು ಗಂಟೆ ಸರಿಸಿಬಿಡುತ್ತಾರೆ. ಆಗ ಪರದೆಯ ಮೇಲೆ ಸಮಯ ಸರಿಯಾಗಿ ಕಂಡರೂ ಯಂತ್ರದ ಯುಟಿಸಿ ಒಂದು ಗಂಟೆ ಸುಳ್ಳಾಗುತ್ತದೆ. ಈ ಕೈಪಿಡಿಯ ಅತಿ ಮುಖ್ಯವಾದ ಎಚ್ಚರಿಕೆ ಇದೇ: ಕಾರಣ ತಿಳಿಯುವವರೆಗೆ ಸಮಯವನ್ನು ಕೈಯಿಂದ ತಿದ್ದಬೇಡಿ.

## ಲಕ್ಷಣ: ವ್ಯತ್ಯಾಸ ಸರಿಯಾಗಿ ಒಂದು ಗಂಟೆ ಅಲ್ಲ

ಮೊದಲು ಯಂತ್ರದ ಸಮಯವನ್ನು ನೆಟ್‌ವರ್ಕಿನಿಂದ ಸಮಯ ಪಡೆಯುವ ಮೊಬೈಲಿನ ಜೊತೆ ಹೋಲಿಸಿ, ನಿಮಿಷಗಳನ್ನು ಗಮನಿಸಿ. ನಿಮಿಷಗಳು ಸರಿಯಾಗಿದ್ದು ಗಂಟೆ ಮಾತ್ರ ಒಂದರಷ್ಟು ತಪ್ಪಿದ್ದರೆ ಮುಂದಿನ ವಿಭಾಗಕ್ಕೆ ಹೋಗಿ. ನಿಮಿಷಗಳೇ ತಪ್ಪಿದ್ದರೆ ಅದಕ್ಕೂ ಡೇಲೈಟ್ ಸೇವಿಂಗ್ ನಿಯಮಕ್ಕೂ ಸಂಬಂಧವಿಲ್ಲ. ಇಂಟರ್‌ನೆಟ್ಟಿನ ಸಮಯ ಸರ್ವರಿನೊಂದಿಗೆ ಯಂತ್ರ ಹೊಂದಿಕೊಳ್ಳುತ್ತಿಲ್ಲ ಎಂದು ಅರ್ಥ. ವಿಂಡೋಸಿನ ದಿನಾಂಕ ಮತ್ತು ಸಮಯದ ಪುಟದಲ್ಲಿರುವ ‘ಸಿಂಕ್ ನೌ’ ಗುಂಡಿಯನ್ನು ಒತ್ತಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಪ್ರತಿ ಸಲ ವಿದ್ಯುತ್ ತೆಗೆದು ಮತ್ತೆ ಹಾಕಿದಾಗ ದಿನಾಂಕವೇ ಹಲವು ವರ್ಷ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಡೆಸ್ಕ್‌ಟಾಪುಗಳಲ್ಲಿ ಇದು ಹೆಚ್ಚಾಗಿ ಸಿಆರ್2032 ಎಂಬ ಬಗೆಯದು. ಬದಲಿಸುವ ಮೊದಲು ವಿದ್ಯುತ್ ತಂತಿಯನ್ನು ಗೋಡೆಯಿಂದಲೇ ಕಿತ್ತಿಡಿ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸಿನ ಬೀಗ ಹಾಕಿದ್ದರೆ ಅದರ ರಿಕವರಿ ಕೀ ಕೈಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ, ಏಕೆಂದರೆ ಬ್ಯಾಟರಿ ತೆಗೆದಾಗ ಬಯಾಸಿನ (ಯಂತ್ರ ಶುರುವಾಗುವಾಗ ಮೊದಲು ಓಡುವ ಮೂಲ ತಂತ್ರಾಂಶದ) ಹೊಂದಿಕೆಗಳು ಅಳಿಸಿಹೋಗಿ ಯಂತ್ರ ಆ ಕೀಯನ್ನು ಕೇಳಬಹುದು. ತೆಗೆದ ಹಳೆಯ ಬ್ಯಾಟರಿಯನ್ನು ಮೇಜಿನ ಮೇಲೆ ಬಿಡಬೇಡಿ. ಮಕ್ಕಳು ನುಂಗಿದರೆ ಅದು ಅನ್ನನಾಳವನ್ನು ಸುಡುತ್ತದೆ, ಪ್ರಾಣಕ್ಕೇ ಅಪಾಯ. ಲ್ಯಾಪ್‌ಟಾಪಾದರೆ ಬಿಚ್ಚುವ ಕೆಲಸವನ್ನು ರಿಪೇರಿಯವರಿಗೆ ಬಿಡುವುದೇ ಒಳ್ಳೆಯದು.

ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದ್ದು, ಅದೇ ಯಂತ್ರದಲ್ಲಿ ವಿಂಡೋಸೂ ಲಿನಕ್ಸೂ ಎರಡೂ ಇದ್ದರೆ, ಕಾರಣ ಹುಡುಕುವ ಅಗತ್ಯವೇ ಇಲ್ಲ. ಮದರ್‌ಬೋರ್ಡಿನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ಭಾವಿಸುತ್ತದೆ, ಯುಟಿಸಿ ಎಂದು ಲಿನಕ್ಸ್ ಭಾವಿಸುತ್ತದೆ. ಇಬ್ಬರೂ ಒಂದೇ ಲೆಕ್ಕಕ್ಕೆ ಬರುವಂತೆ ಒಂದು ಕಡೆ ಹೊಂದಿಕೆ ಬದಲಿಸಬೇಕು. ಬದಲಾವಣೆಯ ದಿನ ಗಡಿಯಾರ ಒಂದರ ಬದಲು ಎರಡು ಗಂಟೆ ಮುಂದೆ ಹೋಗಿದ್ದರೂ ಇದೇ ಕುಟುಂಬದ ದೋಷ: ಒಂದೇ ಯಂತ್ರದ ಎರಡು ವಿಂಡೋಸುಗಳು ಒಂದೇ ಗಡಿಯಾರವನ್ನು ತಲಾ ಒಂದೊಂದು ಗಂಟೆ ಮುಂದೆ ತಳ್ಳಿರುತ್ತವೆ.

## ಲಕ್ಷಣ: ಬೇಸಿಗೆಯಿಡೀ ಒಂದು ಗಂಟೆ ತಪ್ಪು, ಚಳಿಗಾಲದಲ್ಲಿ ಸರಿ

ಇಲ್ಲಿ ಅತ್ಯಂತ ಅಗ್ಗದ ಪರೀಕ್ಷೆ ಕಾಲವಲಯದ ಹೆಸರನ್ನು ಗಮನವಿಟ್ಟು ಓದುವುದು. ಚಳಿಗಾಲದಲ್ಲಿ ಒಂದೇ ಸಮಯ ತೋರಿಸುವ ಹಲವು ಹೆಸರುಗಳು ಪಟ್ಟಿಯಲ್ಲಿ ಪಕ್ಕಪಕ್ಕದಲ್ಲೇ ಇರುತ್ತವೆ. ಲಂಡನ್ನಿನ ಯಂತ್ರಕ್ಕೆ ‘ಡಬ್ಲಿನ್, ಎಡಿನ್‌ಬರೋ, ಲಿಸ್ಬನ್, ಲಂಡನ್’ ಎಂಬುದನ್ನು ಆರಿಸುವ ಬದಲು ರೇಕ್ಯಾವಿಕ್ ಇರುವ ಸಾಲನ್ನೋ ಬರಿಯ ಯುಟಿಸಿಯನ್ನೋ ಆರಿಸಿದ್ದರೆ, ಡಿಸೆಂಬರಿನಲ್ಲಿ ಯಾರಿಗೂ ತಪ್ಪು ತಿಳಿಯುವುದಿಲ್ಲ. ಏಪ್ರಿಲಿನಲ್ಲಿ ಯಂತ್ರ ಒಂದು ಗಂಟೆ ಹಿಂದೆ ಬೀಳುತ್ತದೆ. ನ್ಯೂಯಾರ್ಕಿಗೆ ಬೊಗೊಟಾ ಮತ್ತು ಲೀಮಾಗಳ ಸಾಲು, ಡೆನ್ವರಿಗೆ ಆರಿಝೋನಾದ ಸಾಲು ಇದೇ ರೀತಿ ಮೋಸ ಮಾಡುತ್ತವೆ. ಆರಿಝೋನಾ ರಾಜ್ಯ ನವಾಹೊ ಪ್ರದೇಶವನ್ನು ಬಿಟ್ಟರೆ ಬೇಸಿಗೆ ಸಮಯವನ್ನು ಪಾಲಿಸುವುದೇ ಇಲ್ಲ.

ಒಂದು ಗೊಂದಲವನ್ನು ಇಲ್ಲೇ ನಿವಾರಿಸಬೇಕು. ವಿಂಡೋಸಿನ ಪಟ್ಟಿಯಲ್ಲಿ ಅಮೆರಿಕದ ಪೂರ್ವ ವಲಯದ ಮುಂದೆ ಜುಲೈ ತಿಂಗಳಲ್ಲೂ ಯುಟಿಸಿಗಿಂತ 5 ಗಂಟೆ ಹಿಂದೆ ಎಂದೇ ಬರೆದಿರುತ್ತದೆ. ಅಲ್ಲಿ ಆಗ ನಿಜವಾಗಿ ಇರುವ ವ್ಯತ್ಯಾಸ 4 ಗಂಟೆ. ಪಟ್ಟಿ ಯಾವಾಗಲೂ ಚಳಿಗಾಲದ ಲೆಕ್ಕವನ್ನೇ ತೋರಿಸುವುದರಿಂದ ಹೀಗಾಗುತ್ತದೆ, ಅದು ದೋಷವಲ್ಲ. ಇದನ್ನು ತಪ್ಪೆಂದು ತಿಳಿದು 4 ಗಂಟೆ ಹಿಂದೆ ಎಂದಿರುವ ಬೇರೆ ವಲಯವನ್ನು ಆರಿಸಿಕೊಂಡವರು ನವೆಂಬರಿನಲ್ಲಿ ಮತ್ತೆ ತೊಂದರೆಗೆ ಸಿಕ್ಕುತ್ತಾರೆ.

ಹೆಸರು ಸರಿಯಿದ್ದರೆ ಎರಡನೆಯ ಪರೀಕ್ಷೆ, ಅದೇ ಪುಟದಲ್ಲಿರುವ ‘ಡೇಲೈಟ್ ಸೇವಿಂಗ್ ಸಮಯಕ್ಕೆ ತಾನಾಗಿ ಹೊಂದಿಸು’ ಎಂಬ ಅರ್ಥದ ಸ್ವಿಚ್ಚು. ಯಾರೋ ಅದನ್ನು ಹಿಂದೆಂದೋ ಆಫ್ ಮಾಡಿಟ್ಟಿದ್ದರೆ ನಿಯಮಪಟ್ಟಿ ಎಷ್ಟೇ ಹೊಸದಿದ್ದರೂ ಪ್ರಯೋಜನವಿಲ್ಲ. ಭಾರತದ ವಲಯ ಆರಿಸಿರುವ ಯಂತ್ರದಲ್ಲಿ ಈ ಸ್ವಿಚ್ಚು ಮಸುಕಾಗಿ ಕಾಣುವುದು ಸಹಜ. ನಮಗೆ ಆ ನಿಯಮವೇ ಇಲ್ಲ.

ಲಿನಕ್ಸ್ ಸರ್ವರುಗಳಲ್ಲಿ ‘ಅಮೆರಿಕ/ನ್ಯೂಯಾರ್ಕ್’, ‘ಯುರೋಪ್/ಲಂಡನ್’, ‘ಏಷ್ಯಾ/ಕೋಲ್ಕತಾ’ ಎಂಬಂತೆ ಖಂಡ ಮತ್ತು ಊರಿನ ಹೆಸರಿರುವ ವಲಯಗಳನ್ನೇ ಬಳಸಬೇಕು. ಇಎಸ್‌ಟಿ, ಜಿಎಂಟಿ ಎಂಬ ಚುಟುಕು ಹೆಸರುಗಳನ್ನು ನಂಬಬೇಡಿ. ‘ಇಟಿಸಿ/ಜಿಎಂಟಿ+5’ ಎಂಬ ಬಗೆಯ ಹೆಸರುಗಳಲ್ಲಂತೂ ಚಿಹ್ನೆ ತಿರುಗುಮುರುಗು. ಅಲ್ಲಿ +5 ಎಂದರೆ ಯುಟಿಸಿಗಿಂತ 5 ಗಂಟೆ ಹಿಂದೆ.

ಇಷ್ಟೆಲ್ಲ ಸರಿಯಿದ್ದೂ ಬೇಸಿಗೆಯಿಡೀ ತಪ್ಪು ಉಳಿದಿದ್ದರೆ ಆ ದೇಶ ಬೇಸಿಗೆ ಸಮಯವನ್ನೇ ತೆಗೆದುಹಾಕಿದೆ, ಇಲ್ಲವೇ ಹೊಸದಾಗಿ ತಂದಿದೆ. ತಪ್ಪಿನ ದಿಕ್ಕನ್ನು ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಮೆಕ್ಸಿಕೊ 2022ರ ಅಕ್ಟೋಬರಿನಲ್ಲಿ, ಅಮೆರಿಕದ ಗಡಿಗೆ ಅಂಟಿಕೊಂಡ ಕೆಲವು ಪುರಸಭೆಗಳನ್ನು ಬಿಟ್ಟು, ಈ ಪದ್ಧತಿಯನ್ನು ಕೈಬಿಟ್ಟಿತು. ಹಳೆಯ ಪಟ್ಟಿ ಹೊತ್ತ ಅಲ್ಲಿನ ಯಂತ್ರ 2023ರ ಏಪ್ರಿಲಿನಲ್ಲಿ ಅನಗತ್ಯವಾಗಿ ಒಂದು ಗಂಟೆ ಮುಂದೆ ಓಡುತ್ತದೆ. ಈಜಿಪ್ಟ್ ಹಲವು ವರ್ಷಗಳ ಬಳಿಕ 2023ರ ಏಪ್ರಿಲ್ 28ರಂದು ಬೇಸಿಗೆ ಸಮಯವನ್ನು ಮತ್ತೆ ತಂದಿತು. ಅಲ್ಲಿನ ಹಳೆಯ ಯಂತ್ರ ಒಂದು ಗಂಟೆ ಹಿಂದೆ ಉಳಿಯುತ್ತದೆ. ಮುಂದೆ ಓಡಿದರೆ ನಿಯಮ ರದ್ದಾಗಿದೆ, ಹಿಂದೆ ಉಳಿದರೆ ನಿಯಮ ಹೊಸದಾಗಿ ಬಂದಿದೆ ಎಂದು ತಿಳಿಯಿರಿ. ಪರಿಹಾರ ಎರಡಕ್ಕೂ ಒಂದೇ, ಮುಂದಿನ ವಿಭಾಗದಲ್ಲಿದೆ.

## ಲಕ್ಷಣ: ವರ್ಷದಲ್ಲಿ ಕೆಲವೇ ವಾರ ತಪ್ಪು, ಆಮೇಲೆ ತಾನಾಗಿ ಸರಿ

ಈ ಲಕ್ಷಣದ ಬಗ್ಗೆ ನನಗೆ ವಿಶೇಷ ಕಾಳಜಿ, ಏಕೆಂದರೆ ತಾನಾಗಿ ವಾಸಿಯಾಗುವ ರೋಗಕ್ಕೆ ಯಾರೂ ಔಷಧಿ ಮಾಡುವುದಿಲ್ಲ. ದೂರು ದಾಖಲಾಗುತ್ತದೆ, ಯಾರೋ ನೋಡುತ್ತೇನೆ ಎನ್ನುತ್ತಾರೆ, ಅಷ್ಟರಲ್ಲಿ ಗಡಿಯಾರ ಸರಿಹೋಗಿರುತ್ತದೆ, ದೂರನ್ನು ಮುಚ್ಚುತ್ತಾರೆ. ಶರತ್ಕಾಲದಲ್ಲಿ ಒಂದು ವಾರ ಮತ್ತೆ ಅದೇ ತಪ್ಪು.

ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ 2007ರ ಬದಲಾವಣೆ. ಅದಕ್ಕೆ ಮುಂಚೆ, 1987ರಿಂದ, ಅಲ್ಲಿ ಬೇಸಿಗೆ ಸಮಯ ಏಪ್ರಿಲಿನ ಮೊದಲ ಭಾನುವಾರ ಆರಂಭವಾಗಿ ಅಕ್ಟೋಬರಿನ ಕೊನೆಯ ಭಾನುವಾರ ಮುಗಿಯುತ್ತಿತ್ತು. 2005ರ ಇಂಧನ ನೀತಿ ಕಾಯಿದೆ ಇದನ್ನು ಎರಡೂ ತುದಿಗಳಲ್ಲಿ ಹಿಗ್ಗಿಸಿತು. 2007ರಲ್ಲಿ ಹೊಸ ನಿಯಮದಂತೆ ಗಡಿಯಾರ ಮುಂದೆ ಹೋದದ್ದು ಮಾರ್ಚ್ 11ರಂದು, ಹಳೆಯ ನಿಯಮದಂತಾದರೆ ಏಪ್ರಿಲ್ 1ರಂದು ಹೋಗಬೇಕಿತ್ತು. ಹಿಂದೆ ಬಂದದ್ದು ನವೆಂಬರ್ 4ರಂದು, ಹಳೆಯದರಂತೆ ಅಕ್ಟೋಬರ್ 28. ಆದ್ದರಿಂದ ಹಳೆಯ ಪಟ್ಟಿಯ ಯಂತ್ರ ಆ ವರ್ಷ ವಸಂತದಲ್ಲಿ ಮೂರು ವಾರ, ಶರತ್ಕಾಲದಲ್ಲಿ ಒಂದು ವಾರ, ಹೀಗೆ ಒಟ್ಟು ನಾಲ್ಕು ವಾರ ತಪ್ಪು ತೋರಿಸಿ ಉಳಿದ ಕಾಲವೆಲ್ಲ ಸರಿಯಾಗಿ ನಡೆಯಿತು. ಕೆಲವು ವರ್ಷಗಳಲ್ಲಿ ವಸಂತದ ಅಂತರ ನಾಲ್ಕು ವಾರವಾಗುತ್ತದೆ. ಮಾರ್ಚ್ ಎರಡನೆಯ ಭಾನುವಾರದಿಂದ ಏಪ್ರಿಲ್ ಮೊದಲ ಭಾನುವಾರದವರೆಗೆ ತಪ್ಪಿ, ಶರತ್ಕಾಲದಲ್ಲಿ ಮತ್ತೆ ಒಂದು ವಾರ ತಪ್ಪುವ ಸಾಧನ ಇಂದಿಗೂ ಎಲ್ಲಾದರೂ ಸಿಕ್ಕಿದರೆ, ಅದರ ಒಳಗಿರುವುದು 2007ಕ್ಕಿಂತ ಹಿಂದಿನ ಪಟ್ಟಿ ಎಂದು ಧೈರ್ಯವಾಗಿ ಹೇಳಬಹುದು.

ಪಟ್ಟಿ ಹೊಸದೋ ಹಳೆಯದೋ ಎಂದು ತಿಳಿಯಲು ಆ ವಾರ ಬರುವವರೆಗೆ ಕಾಯಬೇಕಿಲ್ಲ. ಲಿನಕ್ಸಿನಲ್ಲಿ ‘ಝಡ್‌ಡಂಪ್’ ಎಂಬ ಆದೇಶಕ್ಕೆ ‘ವಿ’ ಆಯ್ಕೆಯನ್ನೂ ವಲಯದ ಹೆಸರನ್ನೂ ಕೊಟ್ಟರೆ, ಆ ವಲಯದ ಎಲ್ಲ ಬದಲಾವಣೆಗಳ ಕ್ಷಣಗಳು ಪಟ್ಟಿಯಾಗಿ ಬರುತ್ತವೆ. ನ್ಯೂಯಾರ್ಕಿಗೆ 2007ರ ಸಾಲಿನಲ್ಲಿ ಮಾರ್ಚ್ 11, ಯುಟಿಸಿ 7 ಗಂಟೆ ಎಂದು ಕಂಡರೆ ಆ ನಿಯಮ ಒಳಗೆ ಸೇರಿದೆ. ಇದೇ ರೀತಿ ನಿಮಗೆ ಬೇಕಾದ ದೇಶದ, ಬೇಕಾದ ವರ್ಷದ ಸಾಲನ್ನು ಹುಡುಕಿ ನೋಡಿ. ಈ ಆದೇಶ ಏನನ್ನೂ ಬದಲಿಸುವುದಿಲ್ಲ. ನಡೆಯುತ್ತಿರುವ ಸರ್ವರಿನಲ್ಲೂ ನಿರ್ಭಯವಾಗಿ ಓಡಿಸಬಹುದು. ವಿಂಡೋಸಿನಲ್ಲಿ ‘ಟಿಝಡ್‌ಯುಟಿಲ್’ ಆದೇಶ ಈಗಿನ ವಲಯದ ಹೆಸರನ್ನು ಹೇಳುತ್ತದೆ. ನಿಯಮಗಳು ವಿಂಡೋಸ್ ತನ್ನ ಹೊಂದಿಕೆಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯ ‘ಟೈಮ್ ಝೋನ್ಸ್’ ಭಾಗದಲ್ಲಿ ಕೂತಿರುತ್ತವೆ, ವರ್ಷಕ್ಕೊಂದು ನಿಯಮ ಬೇಕಾದ ವಲಯಗಳಿಗೆ ‘ಡೈನಮಿಕ್ ಡಿಎಸ್‌ಟಿ’ ಎಂಬ ಒಳವಿಭಾಗವೂ ಇರುತ್ತದೆ. ಅಲ್ಲಿ ಓದುವುದಷ್ಟೇ ನಿಮ್ಮ ಕೆಲಸ, ತಿದ್ದುವುದಲ್ಲ.

ಪರಿಹಾರ ಸರಳವಾದದ್ದು: ವಿಂಡೋಸಿಗೆ ಬಾಕಿಯಿರುವ ಅಪ್‌ಡೇಟುಗಳನ್ನು ಹಾಕಿ ಯಂತ್ರವನ್ನು ಮರುಚಾಲನೆ ಮಾಡಿ, ಲಿನಕ್ಸಿಗೆ ‘ಟಿಝಡ್‌ಡೇಟಾ’ ಎಂಬ ಪ್ಯಾಕೇಜನ್ನು ನವೀಕರಿಸಿ. ಲಿನಕ್ಸಿನ ಈ ಮಾಹಿತಿ ಬರುವುದು ಆರ್ಥರ್ ಡೇವಿಡ್ ಓಲ್ಸನ್ ಆರಂಭಿಸಿದ, ಈಗ ಪಾಲ್ ಎಗರ್ಟ್ ನೋಡಿಕೊಳ್ಳುತ್ತಿರುವ ಕಾಲವಲಯ ಕೋಶದಿಂದ. 2011ರಿಂದ ಅದು ಇಂಟರ್‌ನೆಟ್ಟಿನ ವಿಳಾಸ ಸಂಖ್ಯೆ ಮುಂತಾದವನ್ನು ನೋಡಿಕೊಳ್ಳುವ ಐಎಎನ್‌ಎ ಸಂಸ್ಥೆಯ ಆಶ್ರಯದಲ್ಲಿದೆ. ಪ್ರತಿ ಆವೃತ್ತಿಗೆ 2023ಬಿ, 2023ಸಿ ಎಂದು ವರ್ಷ ಮತ್ತು ಅಕ್ಷರದ ಹೆಸರು. ಸ್ವಯಂಸೇವಕರು ಲೋಕದ ಎಲ್ಲ ಸರ್ಕಾರಗಳ ಪ್ರಕಟಣೆಗಳನ್ನು ಓದಿ ಇದನ್ನು ಇಷ್ಟು ಶ್ರದ್ಧೆಯಿಂದ ತಿದ್ದುತ್ತಿರುವುದರಿಂದಲೇ ನಮ್ಮ ಗಡಿಯಾರಗಳು ನಡೆಯುತ್ತಿವೆ ಎಂಬುದನ್ನು ಕೃತಜ್ಞತೆಯಿಂದ ಹೇಳಬೇಕು.

ಆ ಕೋಶದಲ್ಲಿ ನಮ್ಮ ದೇಶದ ಚರಿತ್ರೆಯೂ ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ಭಾರತದ ಗಡಿಯಾರ ಯುಟಿಸಿಗಿಂತ ಆರೂವರೆ ಗಂಟೆ ಮುಂದಿತ್ತು. ಆ ವರ್ಷಗಳಲ್ಲಿ ಹುಟ್ಟಿದ ಹಿರಿಯರ ಜನನ ಸಮಯವನ್ನು ಜಾತಕದ ತಂತ್ರಾಂಶಕ್ಕೆ ಕೊಟ್ಟಾಗ ಒಂದು ತಂತ್ರಾಂಶಕ್ಕೂ ಇನ್ನೊಂದಕ್ಕೂ ಸರಿಯಾಗಿ ಒಂದು ಗಂಟೆಯ ವ್ಯತ್ಯಾಸ ಬಂದರೆ, ಒಂದರಲ್ಲಿ ಈ ನಿಯಮ ಇದೆ, ಇನ್ನೊಂದರಲ್ಲಿ ಇಲ್ಲ ಎಂದು ತಿಳಿಯಬೇಕು.

ಅಪ್‌ಡೇಟು ಬರುವುದೇ ನಿಂತುಹೋದ ಯಂತ್ರಗಳ ಕಥೆ ಬೇರೆ. ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮುಗಿದಿದೆ. ಅಂಥ ಯಂತ್ರವನ್ನು ತಕ್ಷಣ ಬದಲಿಸಲಾಗದಿದ್ದರೆ, ಸದ್ಯಕ್ಕೆ ಆ ಊರಿನ ಸರಿಯಾದ ಸಮಯವನ್ನೇ ತೋರಿಸುವ ಬೇರೆ ವಲಯವನ್ನು ತಾತ್ಕಾಲಿಕವಾಗಿ ಆರಿಸಬಹುದು. ಇದರಿಂದ ಯುಟಿಸಿ ಕೆಡುವುದಿಲ್ಲ, ಆದ್ದರಿಂದ ಮುಳ್ಳು ಸರಿಸುವುದಕ್ಕಿಂತ ಎಷ್ಟೋ ವಾಸಿ. ಆದರೆ ಯಾವ ದಿನ ವಾಪಸು ಬದಲಿಸಬೇಕು, ಯಾರು ಬದಲಿಸಬೇಕು ಎಂದು ಅಂದೇ ಬರೆದಿಡಿ. ‘ಎಲ್ಲ ವಲಯಗಳನ್ನೂ ಸರಿಪಡಿಸುವ ಫೈಲ್’ ಎಂದು ಅಪರಿಚಿತರು ಹಂಚುವ ರಿಜಿಸ್ಟ್ರಿ ಫೈಲುಗಳನ್ನು ಯಾವ ಕಾರಣಕ್ಕೂ ಒತ್ತಬೇಡಿ.

ಕೆಲವೊಮ್ಮೆ ಸರ್ಕಾರವೇ ಕಾಲಾವಕಾಶ ಕೊಡುವುದಿಲ್ಲ. ಲೆಬನಾನಿನಲ್ಲಿ 2023ರ ಮಾರ್ಚ್ ಕೊನೆಯ ವಾರಾಂತ್ಯದಲ್ಲಿ ಗಡಿಯಾರ ಮುಂದೆ ಹೋಗಬೇಕಿತ್ತು. ಅದನ್ನು ಏಪ್ರಿಲ್ 20ರ ನಂತರಕ್ಕೆ ಮುಂದೂಡಿದ್ದೇವೆ ಎಂಬ ಪ್ರಕಟಣೆ ಹೊರಬಿದ್ದದ್ದು ಮಾರ್ಚ್ 23ರಂದು. ದೇಶದಲ್ಲಿ ಕೆಲವರು ಪಾಲಿಸಿದರು, ಕೆಲವರು ಪಾಲಿಸಲಿಲ್ಲ. ಕೊನೆಗೆ ನಿರ್ಧಾರವೇ ರದ್ದಾಗಿ 29ರ ನಡುರಾತ್ರಿ ಗಡಿಯಾರ ಮುಂದೆ ಹೋಯಿತು. ಕಾಲವಲಯ ಕೋಶದಲ್ಲೂ ಆ ವಾರ 2023ಬಿ ಬಂದು, 2023ಸಿ ಅದನ್ನು ಹಿಂತೆಗೆದುಕೊಂಡಿತು. ಇಂಥ ಸಂದರ್ಭದಲ್ಲಿ ಒಂದೇ ಕಚೇರಿಯ ಎರಡು ಯಂತ್ರಗಳು ಬೇರೆ ಬೇರೆ ಸಮಯ ತೋರಿಸಿದರೆ ಎರಡರ ಆವೃತ್ತಿಯನ್ನೂ ನೋಡದೆ ಯಾವುದನ್ನೂ ಮುಟ್ಟಬೇಡಿ.

## ಲಕ್ಷಣ: ಗಡಿಯಾರ ಸರಿ, ಆದರೆ ಕ್ಯಾಲೆಂಡರಿನ ಮೀಟಿಂಗುಗಳು ಒಂದು ಗಂಟೆ ಆಚೀಚೆ

ಮೊದಲು ಇದು ದೋಷವೇ ಎಂದು ನಿರ್ಧರಿಸಿ. ಬೆಂಗಳೂರಿನವರು ಸಂಜೆ 7 ಗಂಟೆಗೆಂದು ಭಾರತೀಯ ಕಾಲಮಾನದಲ್ಲಿ ಪ್ರತಿವಾರದ ಮೀಟಿಂಗ್ ಇಟ್ಟಿದ್ದರೆ, ನ್ಯೂಯಾರ್ಕಿನವರಿಗೆ ಅದು ಬೇಸಿಗೆಯಲ್ಲಿ ಬೆಳಗಿನ 9:30, ನವೆಂಬರಿನ ನಂತರ 8:30. ಮೀಟಿಂಗನ್ನು ನ್ಯೂಯಾರ್ಕಿನವರು 9:30ಕ್ಕೆಂದು ಇಟ್ಟಿದ್ದರೆ ಚಳಿಗಾಲದಲ್ಲಿ ನಮಗೆ ಅದು ರಾತ್ರಿ 8 ಗಂಟೆ. ಮೀಟಿಂಗ್ ಯಾರ ವಲಯದಲ್ಲಿ ಹುಟ್ಟಿತೋ ಅವರ ಗಡಿಯಾರಕ್ಕೆ ಅದು ನಿಷ್ಠವಾಗಿರುತ್ತದೆ, ಇನ್ನೊಬ್ಬರಿಗೆ ಸರಿಯುತ್ತದೆ. ಯುರೋಪಿನಲ್ಲಿ ಬದಲಾವಣೆಯಾಗುವುದು ಮಾರ್ಚಿನ ಮತ್ತು ಅಕ್ಟೋಬರಿನ ಕೊನೆಯ ಭಾನುವಾರಗಳಂದು. ಹಾಗಾಗಿ ಮಾರ್ಚಿನಲ್ಲಿ ಎರಡು ಮೂರು ವಾರ ಲಂಡನ್ನಿಗೂ ನ್ಯೂಯಾರ್ಕಿಗೂ ಇರುವ ಅಂತರ 5ರ ಬದಲು 4 ಗಂಟೆಯಾಗುತ್ತದೆ, ಮೂರು ಊರಿನವರು ಸೇರುವ ಮೀಟಿಂಗಿನಲ್ಲಿ ಯಾರಾದರೊಬ್ಬರು ತಪ್ಪಿಸಿಕೊಳ್ಳುತ್ತಾರೆ. ಇದಕ್ಕೆ ಯಂತ್ರದಲ್ಲಿ ಮಾಡಬೇಕಾದ್ದು ಏನೂ ಇಲ್ಲ. ಆ ವಾರಗಳ ಸಮಯವನ್ನು ಮೊದಲೇ ಎಲ್ಲರಿಗೂ ಬರೆದು ತಿಳಿಸುವುದೇ ಮಾರ್ಗ.

ನಿಜವಾದ ದೋಷ ಹುಟ್ಟುವುದು, ನಿಯಮ ಬದಲಾಗುವ ಮೊದಲೇ ಇಟ್ಟ ಮೀಟಿಂಗುಗಳಲ್ಲಿ. 2006ರಲ್ಲಿ ಯಾರೋ 2007ರ ಮಾರ್ಚ್ 20ರ ಬೆಳಿಗ್ಗೆ 10 ಗಂಟೆಗೆಂದು ನ್ಯೂಯಾರ್ಕಿನಲ್ಲಿ ಮೀಟಿಂಗ್ ಬರೆದಿಟ್ಟರೆಂದು ಭಾವಿಸಿ. ಹಳೆಯ ನಿಯಮದಂತೆ ಅಂದು ಇನ್ನೂ ಚಳಿಗಾಲದ ಸಮಯ, ಆದ್ದರಿಂದ ಕ್ಯಾಲೆಂಡರ್ ಅದನ್ನು ಯುಟಿಸಿ 15 ಗಂಟೆ ಎಂದು ಒಳಗೆ ಬರೆದುಕೊಂಡಿತು. ಹೊಸ ಪಟ್ಟಿ ಬಂದ ಮೇಲೆ ಅದೇ ಯುಟಿಸಿ 15 ಗಂಟೆ 11 ಗಂಟೆಯಾಗಿ ಕಾಣುತ್ತದೆ. ಮೆಕ್ಸಿಕೊದಲ್ಲಿ ಇದು ತಿರುಗಿ ನಡೆಯುತ್ತದೆ: 2023ರ ಜೂನಿಗೆಂದು ಮೊದಲೇ ಇಟ್ಟ 10 ಗಂಟೆಯ ಭೇಟಿ 9ಕ್ಕೆ ಜಾರುತ್ತದೆ. ಅಪ್‌ಡೇಟು ಹಾಕಿದ ಮೇಲೆಯೇ ಕ್ಯಾಲೆಂಡರ್ ಕೆಟ್ಟಿತು ಎಂದು ದೂರು ಬಂದರೆ ಕಾರಣ ಇದು. ಅಪ್‌ಡೇಟನ್ನು ತೆಗೆದುಹಾಕಬೇಡಿ, ತಪ್ಪಿರುವುದು ಹಳೆಯ ನಮೂದುಗಳಲ್ಲಿ.

ಕೆಲವೇ ನಮೂದುಗಳಿದ್ದರೆ ಕೈಯಿಂದ ತಿದ್ದಿ, ಮೀಟಿಂಗ್ ಕರೆದವರು ಮಾತ್ರ ತಿದ್ದಲಿ. ಕರೆದವರೂ ಬರುವವರೂ ಇಬ್ಬರೂ ತಿದ್ದಿದರೆ ತಪ್ಪು ಎರಡಾಗುತ್ತದೆ. ನೂರಾರು ನಮೂದುಗಳಿದ್ದು ಅವನ್ನು ಒಟ್ಟಾಗಿ ಸರಿಸುವ ಉಪಕರಣ ಬಳಸುವುದಾದರೆ ಮೊದಲು ಕ್ಯಾಲೆಂಡರಿನ ಪ್ರತಿ ತೆಗೆದಿಡಿ, ಒಂದೇ ಸಲ ಓಡಿಸಿ, ಓಡಿಸಿದ ದಿನವನ್ನು ದಾಖಲಿಸಿ. ಇಡೀ ಕಚೇರಿಯ ಮೇಲ್ ಸರ್ವರಿನ ಮಟ್ಟದಲ್ಲಿ ಮಾಡಬೇಕಾದ ತಿದ್ದುಪಡಿಯನ್ನು ಅದರ ಹೊಣೆ ಹೊತ್ತವರಿಗೇ ಬಿಡಿ.

ತಂತ್ರಾಂಶ ಬರೆಯುವವರಿಗೆ ಇಲ್ಲೊಂದು ಮಾತು. ನಡೆದುಹೋದ ಘಟನೆಗಳನ್ನು ಯುಟಿಸಿಯಲ್ಲಿ ಬರೆದಿಡಿ, ಮುಂದೆ ನಡೆಯಬೇಕಾದವನ್ನು ಸ್ಥಳೀಯ ಸಮಯ ಮತ್ತು ಊರಿನ ವಲಯದ ಹೆಸರಿನೊಂದಿಗೆ ಬರೆದಿಡಿ. ಆಗ ನಿಯಮ ಬದಲಾದರೂ 10 ಗಂಟೆ 10 ಗಂಟೆಯಾಗಿಯೇ ಉಳಿಯುತ್ತದೆ.

## ಲಕ್ಷಣ: ಯಂತ್ರದ ಸಮಯ ಸರಿ, ಒಂದು ತಂತ್ರಾಂಶದಲ್ಲಿ ಮಾತ್ರ ತಪ್ಪು

ಮೊದಲ ಮದ್ದು ಆ ತಂತ್ರಾಂಶವನ್ನು ನಿಲ್ಲಿಸಿ ಮತ್ತೆ ಆರಂಭಿಸುವುದು. ತಿಂಗಳುಗಟ್ಟಲೆ ನಡೆಯುತ್ತಿರುವ ಪ್ರೋಗ್ರಾಮು ತಾನು ಶುರುವಾದ ದಿನ ಓದಿಕೊಂಡ ಪಟ್ಟಿಯನ್ನೇ ನೆನಪಿನಲ್ಲಿಟ್ಟುಕೊಂಡಿರುತ್ತದೆ. ಅದರಿಂದ ಸರಿಹೋಗದಿದ್ದರೆ ಆ ತಂತ್ರಾಂಶಕ್ಕೆ ಸ್ವಂತದ ಪಟ್ಟಿಯಿದೆಯೇ ಎಂದು ನೋಡಬೇಕು. ಜಾವಾ ತನ್ನ ಜೊತೆಯಲ್ಲೇ ಒಂದು ಪಟ್ಟಿಯನ್ನು ಹೊತ್ತು ಬರುತ್ತದೆ. ಆಪರೇಟಿಂಗ್ ಸಿಸ್ಟಮ್ ನವೀಕರಿಸಿದರೂ ಅದು ಹಳೆಯದಾಗಿಯೇ ಉಳಿಯುತ್ತದೆ. ಜಾವಾವನ್ನೇ ನವೀಕರಿಸಬೇಕು, ಇಲ್ಲವೇ ಅದರ ‘ಟಿಝಡ್‌ಅಪ್‌ಡೇಟರ್’ ಉಪಕರಣ ಬಳಸಬೇಕು. ಮೈಎಸ್‌ಕ್ಯುಎಲ್ ಡೇಟಾಬೇಸಿನಲ್ಲಿ ವಲಯಗಳ ಕೋಷ್ಟಕಗಳನ್ನು ಕೈಯಾರೆ ತುಂಬಬೇಕಾಗುತ್ತದೆ, ತುಂಬಿದ ಮೇಲೆ ಅವು ತಾವಾಗಿ ಹೊಸದಾಗುವುದಿಲ್ಲ. ಪೈಥಾನಿನ ಹಳೆಯ ‘ಪೈಟಿಝಡ್’ ಗ್ರಂಥಾಲಯಕ್ಕೂ ಸ್ವಂತದ ಪಟ್ಟಿಯಿದೆ. 3.9ನೆಯ ಆವೃತ್ತಿಯಿಂದ ಬಂದ ‘ಝೋನ್‌ಇನ್ಫೊ’ ಮಾತ್ರ ಮೊದಲು ಯಂತ್ರದ ಪಟ್ಟಿಯನ್ನು ನೋಡುತ್ತದೆ. ತಂತ್ರಾಂಶವನ್ನು ಅದಕ್ಕೆ ಬೇಕಾದ ಫೈಲುಗಳೊಂದಿಗೆ ಪ್ರತ್ಯೇಕವಾಗಿ ಓಡಿಸುವ ಕಂಟೇನರುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಪಟ್ಟಿ, ಅವು ಹುಟ್ಟುವ ಇಮೇಜುಗಳೆಂಬ ಅಚ್ಚುಗಳಲ್ಲಿ ಚಿಕ್ಕ ಗಾತ್ರದ ಕೆಲವುಗಳಲ್ಲಿ ಪಟ್ಟಿಯೇ ಇರುವುದಿಲ್ಲ. ಆಗ ಎಲ್ಲವೂ ಯುಟಿಸಿಯಲ್ಲಿ ಕಾಣುತ್ತದೆ.

ಡೇಟಾಬೇಸನ್ನು ಮುಟ್ಟುವ ಮೊದಲು ಬ್ಯಾಕಪ್ ಕಡ್ಡಾಯ. ಸಿಸಿಟಿವಿ ದಾಖಲೆ ಪೆಟ್ಟಿಗೆ, ಹಾಜರಿ ಯಂತ್ರ, ರೂಟರ್ ಮುಂತಾದವುಗಳಲ್ಲಿ ನಿಯಮ ಸಾಧನದೊಳಗೇ ಕೂರಿಸಿರುವ ತಂತ್ರಾಂಶವಾದ ಫರ್ಮ್‌ವೇರಿನಲ್ಲೇ ಇರುತ್ತದೆ. ಮೆನುವಿನಲ್ಲಿ ಆರಂಭ ಮತ್ತು ಮುಕ್ತಾಯದ ವಾರವನ್ನು ನಾವೇ ಕೊಡುವ ಅವಕಾಶವಿದ್ದರೆ ಅಲ್ಲಿ ತಿದ್ದಿ, ಇಲ್ಲದಿದ್ದರೆ ತಯಾರಕರ ಫರ್ಮ್‌ವೇರಿಗಾಗಿ ನೋಡಿ.

## ಲಕ್ಷಣ: ರಾತ್ರಿಯ ಕೆಲಸ ನಡೆಯಲೇ ಇಲ್ಲ, ಅಥವಾ ಎರಡು ಸಲ ನಡೆಯಿತು

ಗಡಿಯಾರ ಮುಂದೆ ಹೋಗುವ ರಾತ್ರಿ ನ್ಯೂಯಾರ್ಕಿನಲ್ಲಿ 2:30 ಎಂಬ ಸಮಯವೇ ಇರುವುದಿಲ್ಲ. ಹಿಂದೆ ಬರುವ ರಾತ್ರಿ 1:30 ಎರಡು ಸಲ ಬರುತ್ತದೆ. ಆ ಹೊತ್ತಿಗೆ ನಿಗದಿಯಾದ ಬ್ಯಾಕಪ್, ಬಿಲ್ಲಿಂಗ್ ಮುಂತಾದ ಕೆಲಸಗಳನ್ನು ಬೇರೆ ಬೇರೆ ಶೆಡ್ಯೂಲರುಗಳು (ಹೊತ್ತಿಗೆ ಸರಿಯಾಗಿ ಕೆಲಸ ಶುರುಮಾಡುವ ತಂತ್ರಾಂಶಗಳು) ಬೇರೆ ಬೇರೆ ರೀತಿ ನಡೆಸುತ್ತವೆ. ಇದು ಪಟ್ಟಿ ಹಳತಾದ್ದರಿಂದ ಆದದ್ದಲ್ಲ. ಕೆಲಸವನ್ನು ನಸುಕಿನ 1ರಿಂದ 3ರ ಆಚೆಗೆ ಸರಿಸಿ, ಅಥವಾ ಸರ್ವರನ್ನೇ ಯುಟಿಸಿಯಲ್ಲಿ ನಡೆಸಿ. ಹಣ ಕಡಿತವಾಗುವ ಕೆಲಸ ಎರಡು ಸಲ ನಡೆದಿದೆ ಎಂಬ ಅನುಮಾನವಿದ್ದರೆ ಮತ್ತೊಮ್ಮೆ ಓಡಿಸುವ ಮೊದಲು ಲೆಕ್ಕಪತ್ರದವರನ್ನು ಕೇಳಿ.

## ಲಕ್ಷಣ: ಯಾರೋ ಗಡಿಯಾರ ತಿದ್ದಿದ ಮೇಲೆ ಲಾಗಿನ್ ಆಗುತ್ತಿಲ್ಲ

ಇದು ನಾನು ಕಣ್ಣಾರೆ ಕಂಡದ್ದು. ಹೊರದೇಶದ ಒಂದು ಕಚೇರಿಯ ಸರ್ವರುಗಳನ್ನು ಇಲ್ಲಿಂದ ನೋಡಿಕೊಳ್ಳುತ್ತಿದ್ದಾಗ, ಅಲ್ಲಿನವರೊಬ್ಬರು ಸಹಾಯ ಮಾಡುವ ಒಳ್ಳೆಯ ಮನಸ್ಸಿನಿಂದ ಮುಖ್ಯ ಸರ್ವರಿನ ಸಮಯವನ್ನು ಒಂದು ಗಂಟೆ ಮುಂದಿಟ್ಟರು. ಅರ್ಧ ದಿನ ಯಾರಿಗೂ ಒಳಬರಲಾಗಲಿಲ್ಲ. ಕಾರಣ ಕೆರ್ಬೆರೋಸ್ ಎಂಬ ಗುರುತು ಪರಿಶೀಲನೆಯ ವ್ಯವಸ್ಥೆ. ವಿಂಡೋಸ್ ಡೊಮೇನಿನಲ್ಲಿ, ಅಂದರೆ ಎಲ್ಲರ ಲಾಗಿನ್ನನ್ನೂ ಒಂದೇ ಕಡೆಯಿಂದ ನಿಯಂತ್ರಿಸುವ ಕಚೇರಿಯ ಜಾಲದಲ್ಲಿ, ಅದು ಎರಡು ಯಂತ್ರಗಳ ನಡುವೆ ಸಾಮಾನ್ಯವಾಗಿ 5 ನಿಮಿಷಗಳ ವ್ಯತ್ಯಾಸವನ್ನಷ್ಟೇ ಸಹಿಸುತ್ತದೆ, ಹೋಲಿಸುವುದು ಯುಟಿಸಿಯನ್ನು. ಕಾಲವಲಯ ಎಷ್ಟೇ ತಪ್ಪಿದ್ದರೂ ಅದಕ್ಕೆ ಚಿಂತೆಯಿಲ್ಲ, ಮುಳ್ಳು ಸರಿದರೆ ಬಾಗಿಲು ಮುಚ್ಚುತ್ತದೆ. ಆಗತಾನೆ ಕೊಟ್ಟ ಭದ್ರತಾ ಪ್ರಮಾಣಪತ್ರಗಳು ‘ಇನ್ನೂ ಜಾರಿಗೆ ಬಂದಿಲ್ಲ’ ಎಂಬ ಎಚ್ಚರಿಕೆ ತೋರಿಸುವುದೂ, ಯಂತ್ರ ಹಿಂದೆ ಬಿದ್ದಿದ್ದರೆ, ಇದೇ ಕಾರಣಕ್ಕೆ.

ಪರಿಹಾರ: ಕಾಲವಲಯ ಸರಿಯಿದೆಯೇ ನೋಡಿ, ನಂತರ ಸಮಯ ಸರ್ವರಿನೊಂದಿಗೆ ಮರುಹೊಂದಿಸಿ, ವಿಂಡೋಸಿನಲ್ಲಿ ‘ಡಬ್ಲ್ಯು32ಟಿಎಂ’ ಆದೇಶದ ‘ರಿಸಿಂಕ್’ ಆಯ್ಕೆ ಅದನ್ನು ಮಾಡುತ್ತದೆ. ಸಮಯ ಸರ್ವರಿನಿಂದ ಬರುವುದು ಯುಟಿಸಿ ಮಾತ್ರ, ಬೇಸಿಗೆ ನಿಯಮ ಅದರಲ್ಲಿರುವುದಿಲ್ಲ. ಹಾಗಾಗಿ ಮರುಹೊಂದಿಸಿದ ಕೂಡಲೇ ಪರದೆಯ ಮೇಲೆ ಮತ್ತೆ ಒಂದು ಗಂಟೆ ತಪ್ಪು ಕಂಡರೆ ಗಾಬರಿ ಬೇಡ. ಯುಟಿಸಿ ಸರಿಹೋಗಿದೆ, ಉಳಿದಿರುವುದು ನಿಯಮಪಟ್ಟಿಯ ದೋಷ; ಮೇಲೆ ಹೇಳಿದ ಅಪ್‌ಡೇಟು ಹಾಕಿ.

## ಎಲ್ಲಿ ನಿಲ್ಲಿಸಿ ಸಹಾಯ ಕೇಳಬೇಕು

ಡೊಮೇನ್ ಕಂಟ್ರೋಲರ್ (ಲಾಗಿನ್ ನಿಯಂತ್ರಿಸುವ ಮುಖ್ಯ ಸರ್ವರ್), ವೇತನ ಮತ್ತು ಹಾಜರಿಯ ದಾಖಲೆಗಳು, ಬ್ಯಾಂಕಿನ ವಹಿವಾಟು, ಕಾರ್ಖಾನೆಯ ನಿಯಂತ್ರಣ ಯಂತ್ರ ಇವುಗಳ ಸಮಯವನ್ನು ಅವುಗಳ ಹೊಣೆಗಾರರಿಲ್ಲದೆ ಮುಟ್ಟಬೇಡಿ. ಆಸ್ಪತ್ರೆಯ ಸಾಧನಗಳಲ್ಲಿ ಔಷಧಿ ಕೊಟ್ಟ ಹೊತ್ತು ದಾಖಲಾಗುತ್ತಿರುತ್ತದೆ. ಅಲ್ಲಿ ಒಂದು ಗಂಟೆಯ ತಪ್ಪು ಕಂಡರೆ ತಿದ್ದುವುದಕ್ಕಿಂತ ಮೊದಲು ಕರ್ತವ್ಯದಲ್ಲಿರುವ ಸಿಬ್ಬಂದಿಗೆ ಹೇಳಿ, ಸರಿಹೋಗುವವರೆಗೆ ಗೋಡೆ ಗಡಿಯಾರದ ಹೊತ್ತನ್ನು ಕಾಗದದ ಮೇಲೆ ಬರೆಯುವಂತೆ ಕೇಳಿಕೊಳ್ಳಿ. ಪೊಲೀಸ್ ತನಿಖೆಗೆ ಬೇಕಾಗಬಹುದಾದ ಸಿಸಿಟಿವಿ ದೃಶ್ಯವಿದ್ದರೆ ಸಮಯ ತಿದ್ದುವ ಮೊದಲು ಈಗಿನ ತಪ್ಪು ಸಮಯವೂ ಸರಿಯಾದ ಸಮಯವೂ ಒಟ್ಟಿಗೆ ಕಾಣುವಂತೆ ಫೋಟೊ ತೆಗೆದಿಡಿ.

ಸಹಾಯ ಕೇಳುವಾಗ ‘ಟೈಮ್ ತಪ್ಪಾಗಿದೆ’ ಎಂದಷ್ಟೇ ಹೇಳಿದರೆ ಎದುರಿನವರು ಮೊದಲಿನಿಂದ ಹುಡುಕಬೇಕಾಗುತ್ತದೆ. ಯಂತ್ರ ತೋರಿಸುತ್ತಿರುವ ಸಮಯ, ಅದೇ ಕ್ಷಣದ ಯುಟಿಸಿ, ಆರಿಸಿರುವ ವಲಯದ ಪೂರ್ತಿ ಹೆಸರು, ನಿಯಮಪಟ್ಟಿಯ ಆವೃತ್ತಿ ಅಥವಾ ಕೊನೆಯ ಅಪ್‌ಡೇಟಿನ ದಿನಾಂಕ, ತಪ್ಪು ಮೊದಲು ಕಂಡ ದಿನ ಇಷ್ಟನ್ನು ಬರೆದು ಕಳಿಸಿ. ಗಡಿಯಾರವನ್ನು ಅಷ್ಟರಲ್ಲಿ ಯಾರಾದರೂ ಕೈಯಿಂದ ತಿದ್ದಿದ್ದರೆ, ಯಾರು ಎಂಬುದು ಬೇಡ, ಎಷ್ಟು ಹೊತ್ತಿಗೆ ಎಷ್ಟು ಸರಿಸಿದರು ಎಂಬುದನ್ನು ತಪ್ಪದೆ ಸೇರಿಸಿ.